ತಟ್ಟೆ ಬಿದ್ದ ಮೇಲಿನ ಸದ್ದು

ಮೊನ್ನೆ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಮೊಮ್ಮಗಳು ಉಗುರಿಗೆ ಬಣ್ಣ ಹಚ್ಚಲು ಕೂತಿದ್ದಳು. ಸೀಸೆಯ ಮುಚ್ಚಳ ತೆಗೆದದ್ದೇ ತಡ, ಹರಿದ ಫಿಲ್ಮ್ ಅಂಟಿಸುವ ಸಿಮೆಂಟಿನ ವಾಸನೆ ಬಂದಂತಾಯಿತು. ಅದರ ಹಿಂದೆಯೇ ಕಾಕಾ...

ಕಾಚಿಗೂಡದ ಥಿಯೇಟರೊಂದರಲ್ಲಿ ಅವರು ಪ್ರೊಜೆಕ್ಟರ್ ಓಡಿಸುವ ಹಿರಿಯ ಆಪರೇಟರ್, ನಾನು ಅವರ ಕೈಕೆಳಗಿನವನು. ರಾಯಚೂರಿನವರು, ನಮ್ಮ ಮಾತಿನವರು, ಅಷ್ಟಕ್ಕೇ ಕಾಕಾ. ವರ್ಷಗಟ್ಟಲೆ ಮಶಿನಿನ ಗದ್ದಲದಲ್ಲಿ ನಿಂತು ಅವರ ಕಿವಿ ಹೋಗಿತ್ತು. ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಇದು ನನ್ನೊಬ್ಬನಿಗೇ ಗೊತ್ತಿತ್ತು.

"ನೀ ನನ್ನ ಕಿವಿ ಆಗಪಾ. ಧ್ವನಿ ಕೆಟ್ರ ಹೆಗಲು ಮುಟ್ಟು. ಮ್ಯಾನೇಜರ್ ಬೈದ್ರ ಮಾತ್ರ ಮುಟ್ಟಬ್ಯಾಡ, ಅದು ಕೇಳದಿದ್ರನ ಛಲೋ," ಅಂದಿದ್ದರು.

ಒಂದು ಭಾನುವಾರ ಬೆಳಗಿನ ಆಟಕ್ಕೆ ಅಮೆರಿಕಾದ ಹಳೆಯ ಹಾಸ್ಯಚಿತ್ರ ಬಂದಿತ್ತು. ಸಿನಿಮಾ ಆಗಷ್ಟೇ ಮಾತು ಕಲಿತಿದ್ದ ಕಾಲದ್ದು. ಮಶಿನಿನಲ್ಲಿ ಚಿತ್ರ ಮೂಡುವ ಜಾಗ ಬೇರೆ, ಧ್ವನಿ ಹಿಡಿಯುವ ಜಾಗ ಬೇರೆ. ನಡುವೆ ಬಿಡುವ ಫಿಲ್ಮಿನ ಲೂಪ್ ಅಳತೆ ಮೀರಿದರೆ ಧ್ವನಿ ಹಿಂದೆ ಬೀಳುತ್ತದೆ. ಆ ದಿನ ರೀಲು ಹಾಕಿದವನು ನಾನು. ಅವಸರದಲ್ಲಿ ಲೂಪ್ ದೊಡ್ಡದಾಯಿತು. ನೋಡದೆ ಚಹಾಕ್ಕೆ ಇಳಿದುಹೋದೆ.

ಶಿಳ್ಳೆ ಕೇಳಿ ಓಡಿ ಬಂದಾಗ ಪರದೆಯ ಮೇಲೆ ಮಾಣಿಯ ಕೈಯಿಂದ ತಟ್ಟೆಗಳು ಬಿದ್ದವು. ಸದ್ದು ಆಮೇಲೆ ಬಂತು. ಜನ ಬಿದ್ದು ಬಿದ್ದು ನಗುತ್ತಿದ್ದರು, ಕುರ್ಚಿ ಬಡಿಯುತ್ತಿದ್ದರು. ಕಾಕಾ ಕಿಂಡಿಯಿಂದ ಆ ನಗುವ ಮುಖಗಳನ್ನು ನೋಡಿ, ಚಿತ್ರ ಹಿಡಿಸಿದೆಯೆಂದು ತಾವೂ ನಗುತ್ತಿದ್ದರು.

ಹೆಗಲು ಮುಟ್ಟಬೇಕಿತ್ತು. ಅಷ್ಟರಲ್ಲಿ ಬೀದರ ಕಡೆಯ ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದರು. ರೀಲು ಹಾಕಿದವರು ಯಾರೆಂದು ಕೇಳಿದರು.

"ಕಾಕಾರ ಹಾಕ್ಯಾರ್ರಿ. ಅವರಿಗೆ ಕಿವಿ ಕೇಳಂಗಿಲ್ಲ," ಅಂದೆ.

ಕಾಕಾ ನನ್ನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಹೌದ್ರಿ, ನಾನ ಹಾಕೀನಿ," ಅಂದರು. ನೌಕರಿ ಅಲ್ಲಿಗೇ ಮುಗಿಯಿತು. ಇಳಿಯುವ ಮುಂಚೆ ಸಿಮೆಂಟಿನ ಸೀಸೆ ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು: "ಮುಂದಿನ ರೀಲಿಗೆ ಲೂಪ್ ಸಣ್ಣದಿಡು."

ಮರುದಿನ ರಾಯಚೂರಿನ ಗಾಡಿ ಹತ್ತಿದರಂತೆ. ಸ್ಟೇಷನ್ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ... ಅವರ ಕುರ್ಚಿಯಲ್ಲಿ ಕೂತು ರಿಟೈರ್ ಆದೆ.

ಈಗ ನನ್ನ ಕಿವಿಯೂ ಹೋಗಿದೆ. ಊಟಕ್ಕೆ ಕರೆಯಲು ಮೊಮ್ಮಗಳು ಹೆಗಲು ಮುಟ್ಟುತ್ತಾಳೆ. ಪ್ರತಿ ಸಲವೂ ಬೆಚ್ಚುತ್ತೇನೆ. ಯಾಕೆ ತಾತಾ ಅಂತ ಅವಳ ತುಟಿ ಕೇಳುತ್ತದೆ. ಏನಿಲ್ಲ ಅನ್ನುತ್ತೇನೆ. ಇವತ್ತಿಗೂ ಸುಳ್ಳೇ.