ಹಿಂದಿನ ಗಾಲಿಗೆ ಮೂವತ್ತಾರು

ನಮ್ಮ ದೇವಿಕೊಪ್ಪದಲ್ಲಿ ಹೊಸ ಬೈಕನ್ನು ಕೈಯಿಂದ ನೂಕಿಕೊಂಡು ಹೋಗುತ್ತಿದ್ದವನು ಒಬ್ಬನೇ, ನನ್ನ ದೊಡ್ಡಪ್ಪನ ಮಗ ಈರಪ್ಪ. ಸಂತೆಯ ದಿನ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ತನ್ನ ಕೆಂಪು ಸ್ಪೋರ್ಟ್ಸ್ ಬೈಕನ್ನು ಓಣಿಯಿಂದ ರಸ್ತೆಯಂಚಿನ ಪಂಕ್ಚರ್ ಅಂಗಡಿಯವರೆಗೂ ಗಾಳಿ ಹಾಕಿಸಲು ನೂಕುತ್ತಿದ್ದ. ಕಟ್ಟೆಯ ಮೇಲೆ ಕುಳಿತವರು, "ಏನಲೇ ಈರ್ಯಾ, ಪೆಟ್ರೋಲ್ ಖಾಲಿ ಆತೇನು?" ಎಂದು ಕಾಡಿಸುತ್ತಿದ್ದರು.

"ಟಾಕಿ ತುಂಬ ಐತ್ರಿ. ಗಾಲಿ ತಣ್ಣಗಿರಬೇಕ್ರಿ. ಓಡಿಸಿಕೊಂಡು ಹೋದ್ರ ಬಿಸಿ ಆಗ್ತೈತಿ, ಬಿಸಿ ಗಾಲಿ ಸುಳ್ಳ ಹೇಳ್ತೈತಿ" ಎಂದು ಇವನು ಬೆವರೊರೆಸಿಕೊಂಡೇ ಗತ್ತಿನಿಂದ ಉತ್ತರ ಕೊಡುತ್ತಿದ್ದ.

ನನಗೂ ಅಂಥದ್ದೇ ಬೈಕಿತ್ತು. ಅದೇ ಕಂಪನಿ, ಅದೇ ಮಾದರಿ, ಬಣ್ಣ ಮಾತ್ರ ನೀಲಿ. ಊರಿಗೆ ಮೊದಲು ತಂದವನೂ ನಾನೇ. ಆದರೂ ಊರವರ ಬಾಯಲ್ಲಿ ಅವನದು "ಆ ಬೈಕು", ನನ್ನದು "ಇನ್ನೊಂದು". ಹೊಟ್ಟೆ ಉರಿಯದೆ ಏನಾದೀತು?

ಈರಪ್ಪನಿಗೆ ತನ್ನ ಮೀಸೆಯಷ್ಟೇ ಪ್ರೀತಿಯ ವಸ್ತು ಇನ್ನೊಂದಿತ್ತು: ಗಾಳಿ ಅಳೆಯುವ ಪುಟ್ಟ ಮೀಟರು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಳ್ಳುತ್ತಿದ್ದ. ಮದುವೆಗೂ ಹಾಗೇ ಬರುತ್ತಿದ್ದ. ಪಂಕ್ಚರ್ ಅಂಗಡಿಯ ಮೀಟರನ್ನು ನಂಬುತ್ತಿರಲಿಲ್ಲ. "ಅದರ ಮುಳ್ಳು ಟ್ರ್ಯಾಕ್ಟರಿಗೆ ಶರಣು ಹೇಳಿ ಹೇಳಿ ಬಾಗೈತಿ" ಎಂದು ಅಂಗಡಿಯವನ ಎದುರಿಗೇ ನಗುತ್ತಿದ್ದ. ನಮ್ಮ ಕಡೆ ಭತ್ತದ ಚೀಲ, ಕಬ್ಬು ಹೇರುವವರೇ ಹೆಚ್ಚು. ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಅದು ಕಲ್ಲಿನಂತಿದ್ದರೆ ಸಮಾಧಾನಪಡುವವರು. ಯಾರಾದರೂ ಹಾಗೆ ತನ್ನ ಬೈಕಿನ ಟೈರು ಒತ್ತಿದರೆ ಈರಪ್ಪ ಅವರನ್ನು ಕೂಡ್ರಿಸಿಕೊಂಡು ಪಾಠ ಶುರು ಮಾಡುತ್ತಿದ್ದ.

"ಇದೇನ ಕಬ್ಬಿನ ಟ್ರೇಲರ್ ಏನ್ರಿ? ಕಲ್ಲಾದ್ರ ತಿರುವಿನ್ಯಾಗ ರಸ್ತೆ ಹಿಡಿಯೂದಿಲ್ಲ. ಮೆತ್ತಗಾದ್ರ ಹೊಯ್ದಾಡತೈತಿ. ಚೈನಿನ ಬಾಜುಕ ಕಂಪನಿಯವ್ರು ಚೀಟಿ ಹಚ್ಚಿ ಬರದಾರ ನೋಡ್ರಿ. ಮುಂದ ಇಪ್ಪತ್ತೊಂಬತ್ತು, ಹಿಂದ ಮೂವತ್ಮೂರು."

ಜನ ಬಾಯಿ ತೆರೆದು ಕೇಳುತ್ತಿದ್ದರು. ಅದೇ ಚೀಟಿ ನನ್ನ ಬೈಕಿನ ಮೇಲೂ ಇತ್ತು, ನನ್ನನ್ನು ಯಾರೂ ಕೇಳಲಿಲ್ಲ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಒಂದೇ. ನನ್ನಪ್ಪ ಕಲಘಟಗಿ ಸಂತೆಗೆ ಹೋಗುತ್ತಿದ್ದುದು ಅವನ ಬೈಕಿನ ಹಿಂದೆ ಕುಳಿತು. ಅಪ್ಪನದು ದೊಡ್ಡ ಗಾತ್ರ. ಆ ಎತ್ತರದ ಚಿಕ್ಕ ಸೀಟಿನ ಮೇಲೆ ಧೋತರ ಸಾವರಿಸಿಕೊಂಡು, ತೊಡೆಯ ಮೇಲೆ ಚೀಲವಿಟ್ಟುಕೊಂಡು ಕುಳಿತರೆ ಮುಂದಿದ್ದ ಈರಪ್ಪ ಕುಳ್ಳನಂತೆ ಕಾಣುತ್ತಿದ್ದ. ಮನೆಗೆ ಬಂದು ಅವ್ವನ ಮುಂದೆ, "ಈರಪ್ಪನ ಗಾಡಿ ಅಂದ್ರ ಕಲಘಟಗಿ ತೊಟ್ಟಲ ಇದ್ದಂಗ, ಕೂತಲ್ಲೇ ನಿದ್ದಿ ಬರತೈತಿ" ಎನ್ನುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಒಂದು ಸಂತೆಯ ದಿನ ಅಪ್ಪ ಚೀಲ ಹಿಡಿದು ಹೊರಬೀಳುವ ಮೊದಲೇ ಬಾಗಿಲಲ್ಲಿ ಬೈಕು ತಂದು ನಿಲ್ಲಿಸಿದೆ. "ಅಪ್ಪಾ, ಇವತ್ತ ನನ್ನ ಗಾಡಿ ಮ್ಯಾಲ ಹೋಗೂಣು" ಎಂದೆ. ತಯಾರಿಯನ್ನು ಹಿಂದಿನ ದಿನವೇ ಮಾಡಿದ್ದೆ. ಸುಡು ಬಿಸಿಲಲ್ಲಿ ಹುಬ್ಬಳ್ಳಿಯಿಂದ ಬಂದವನೇ ಪಂಕ್ಚರ್ ಅಂಗಡಿಯಲ್ಲಿ ನೋಡಿದರೆ ಹಿಂದಿನ ಗಾಲಿ ಮೂವತ್ತೆಂಟು ತೋರಿಸಿತ್ತು. ಈರಪ್ಪನದು ಮೂವತ್ಮೂರಾದರೆ ನನ್ನದೂ ಮೂವತ್ಮೂರೇ ಆಗಬೇಕೆಂದು ಹೆಚ್ಚಿನ ಗಾಳಿಯನ್ನು ಅಲ್ಲೇ ಬಿಟ್ಟಿದ್ದೆ.

ಊರು ದಾಟಿ ಮೊದಲ ತಿರುವಿಗೇ ಬೈಕಿನ ಹಿಂಭಾಗ ಆಚೀಚೆ ತೂಗಾಡತೊಡಗಿತು. ಅಪ್ಪ ನನ್ನ ಹೆಗಲು ಬಿಗಿಯಾಗಿ ಹಿಡಿದುಕೊಂಡು ಕೂಗಿದ: "ನಿಲ್ಸಲೇ ಮಂಜ್ಯಾ! ಎಮ್ಮಿ ಕೆಸರಿನ್ಯಾಗ ಹೊಂಟಂಗ ಹೊಂಟೈತಲ್ಲೋ!"

ಇಳಿದು ಮರದ ನೆರಳಿನಲ್ಲಿ ನಿಂತುಬಿಟ್ಟ. ಅಷ್ಟರಲ್ಲಿ ಹಿಂದಿನಿಂದ ಕೆಂಪು ಬೈಕು ಬಂತು. ಬರದೇ ಇರುತ್ತದೆಯೇ! ಈರಪ್ಪ ಇಳಿದು, ಜೇಬಿನ ಮೀಟರು ತೆಗೆದು ನನ್ನ ಹಿಂದಿನ ಗಾಲಿಗೆ ಹಚ್ಚಿದ.

"ಇಪ್ಪತ್ತೆಂಟು ಐತಿ. ಬಿಸಿ ಇದ್ದಾಗ ಹವಾ ಬಿಟ್ಟಿಯೇನಲೇ? ತಣ್ಣಗಾದ ಮ್ಯಾಲ ಇನ್ನೂ ಇಳೀತೈತಿ. ಅದರಾಗ ಕಾಕಾ ಬ್ಯಾರೆ ಕುಂತಾರ."

"ನಿನ್ನದ್ರಾಗ ಎಷ್ಟ ಐತೋ?" ಎಂದು ಅಪ್ಪ ಕೇಳಿದ.

"ಮೂವತ್ತಾರು ಐತ್ರಿ ಕಾಕಾ. ಹಿಂದ ಒಬ್ರು ಕೂಡತಿದ್ರ ಅಷ್ಟ ಬೇಕ್ರಿ. ಸಂತಿ ದಿನ ನಿಮ್ಮ ಸಲುವಾಗಿನ ನೂಕಿಕೊಂಡು ಹೋಗಿ ಹಾಕಿಸಿರತೀನಿ."

ಅಪ್ಪ ಚೀಲ ಎತ್ತಿಕೊಂಡು ಕೆಂಪು ಬೈಕು ಹತ್ತಿದ. ಆಮೇಲೆ ನನ್ನ ಬೈಕಿನ ಕಡೆಗೆ ತಿರುಗಿಯೂ ನೋಡಲಿಲ್ಲ.

ಹೋದ ವರ್ಷ ಈರಪ್ಪನಿಗೆ ಮೊರಬದ ಹೆಣ್ಣು ಗಟ್ಟಿಯಾಯಿತು. ಅವರಿಗೆ ಒಬ್ಬಳೇ ಮಗಳು, ಎರೆ ಮಣ್ಣಿನ ಹೊಲ ಬಹಳ. ಮನೆ ಅಳಿಯನಾಗಿ ಹೋಗುವುದೆಂದು ಮಾತಾಯಿತು. ಊರೆಲ್ಲ ಬೇಸರಪಟ್ಟಿತು, ನಾನು ಮಾತ್ರ ಎರಡು ಹೋಳಿಗೆ ಹೆಚ್ಚಿಗೆ ತಿಂದೆ.

ಹೊರಡುವ ದಿನ ಅವನು ಅಪ್ಪನ ಕಾಲಿಗೆ ನಮಸ್ಕಾರ ಮಾಡಲು ನಮ್ಮ ಮನೆಗೆ ಬಂದ. ಅಪ್ಪ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದ. ಈರಪ್ಪ ನನ್ನನ್ನು ಅಂಗಳದ ಮೂಲೆಗೆ ಕರೆದು, ಜೇಬಿನ ಮೀಟರು ತೆಗೆದು ನನ್ನ ಜೇಬಿಗೆ ಸಿಕ್ಕಿಸಿದ.

"ಇನ್ನ ಮ್ಯಾಲ ಕಾಕಾನ್ನ ನೀನ ಕರಕೊಂಡ ಹೋಗಬೇಕು. ಹಿಂದ ಒಬ್ರು ಕುಂತ್ರ ಮೂವತ್ತಾರು ಅಂತ ಚೀಟಿ ಮ್ಯಾಲ ಬ್ಯಾರೆ ಬರದಾರ, ಅಷ್ಟ ಹಾಕಸು. ಆದ್ರ ಒಂದ ಮಾತು. ಈಗೀಗ ಕಾಕಾ ಕುಂತ್ರ ಗಾಡಿ ಮೊದಲಿನಂಗ ಹಿಂದಕ್ಕ ಜಗ್ಗೂದಿಲ್ಲ. ಭಾಳ ಸೊರಗ್ಯಾರ. ಒಮ್ಮೆ ದವಾಖಾನಿಗೆ ತೋರಿಸಲೇ ಮಂಜ್ಯಾ."

ದಿನಾ ಅಪ್ಪನ ಎದುರಿಗೆ ಕುಳಿತು ಊಟ ಮಾಡುವವನು ನಾನು. ಅಪ್ಪ ಹೊರಗೆ ಬಂದಾಗ ನೋಡಿದೆ. ಅಂಗಿಯ ಹೆಗಲು ಜೋಲುಬಿದ್ದಿತ್ತು.

ಮುಂದಿನ ಸಂತೆಯ ದಿನ ಬೆಳಿಗ್ಗೆ ನಾನು ನೀಲಿ ಬೈಕು ನೂಕಿಕೊಂಡು ಹೊರಟೆ. "ಪೆಟ್ರೋಲ್ ಖಾಲಿ ಆತೇನಲೇ?" ಎಂದು ಕಟ್ಟೆಯವರು ನಕ್ಕರು. ಸಂತೆಗಿಂತ ಮೊದಲು ದವಾಖಾನೆಗೆ ಹೋಗೋಣವೆಂದು ಅಪ್ಪನನ್ನು ಒಪ್ಪಿಸಿದ್ದೆ. ಗಾಳಿ ಹಾಕಿಸಿಕೊಂಡು ಮನೆಗೆ ಬಂದಾಗ ಅಪ್ಪ ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಈರಪ್ಪನ್ನ ಕೇಳಿ ಹಾಕಿಸಿಯೋ ಇಲ್ಲೋ?" ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹತ್ತಿದ. ಬೈಕು ಅಲುಗಲಿಲ್ಲ. ನನ್ನ ಹೆಗಲ ಮೇಲೆ ಅವನ ಕೈ ಬಿತ್ತು. ಎಷ್ಟು ಹಗುರವಾಗಿತ್ತು ಆ ಕೈ. ಇದು ನನಗಿಂತ ಮೊದಲು ಈರಪ್ಪನಿಗೆ ಗೊತ್ತಾಯಿತಲ್ಲ ಎಂದು ಕಲಘಟಗಿ ಮುಟ್ಟುವವರೆಗೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.