ರಶೀದ್ ಸಾಬರು ಬಿಚ್ಚಿದ ಗಾಲಿಕುರ್ಚಿ

ಶಿರಾದ ಜಾಮಿಯಾ ಮಸೀದಿಯಿಂದ ಎರಡು ಬೀದಿ ಆಚೆಗೆ ಅಬ್ದುಲ್ ರಶೀದರ ಸೈಕಲ್ ಶಾಪ್ ಇದೆ. ಈಗ ಅಲ್ಲಿ ಸೈಕಲ್ಲಿಗಿಂತ ಗೇಟು, ಕಿಟಕಿ ಸರಳುಗಳ ವೆಲ್ಡಿಂಗ್ ಕೆಲಸವೇ ಹೆಚ್ಚು. ರಶೀದರಿಗೆ ಅರವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ.

ಊರಿನ ಸೇವಾ ಕ್ಲಬ್ಬಿನಲ್ಲಿ ಅವರು ಹದಿನಾಲ್ಕು ವರ್ಷಗಳಿಂದ ಸದಸ್ಯರು. ಮಿಲ್ಲಿನವರು, ಡಾಕ್ಟರು, ವಕೀಲರು ತುಂಬಿರುವ ಆ ಕ್ಲಬ್ಬಿಗೆ ಒಬ್ಬ ವೆಲ್ಡರನ್ನು ಸೇರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಪೋಲಿಯೋ ಭಾನುವಾರಗಳಲ್ಲಿ ಲಸಿಕೆ ಪೆಟ್ಟಿಗೆಯನ್ನು ಮೊಪೆಡ್ಡಿಗೆ ಕಟ್ಟಿಕೊಂಡು, ಬೇರೆ ಯಾರೂ ಹೋಗಲೊಲ್ಲದ ಹಟ್ಟಿಗಳಿಗೆಲ್ಲ ಹೋಗುತ್ತಿದ್ದವರು ಅವರೊಬ್ಬರೇ. ಅವರ ತಂಗಿಗೆ ಮೂರು ವರ್ಷವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತುಹೋಗಿದ್ದವು. ಹದಿನಾರನೇ ವಯಸ್ಸಿನಲ್ಲಿ ರಶೀದರು ಹಳೇ ಸೈಕಲ್ಲುಗಳನ್ನು ಕೊಯ್ದು ಜೋಡಿಸಿದ ಮೊದಲ ಗಾಡಿ ಅವಳಿಗಾಗಿಯೇ. ಅದರಲ್ಲೇ ಅವಳು ಎಸ್ಸೆಸ್ಸೆಲ್ಸಿ ತನಕ ಶಾಲೆಗೆ ಹೋದಳು.

ಕಳೆದ ಜನವರಿಯಲ್ಲಿ ಹೊರದೇಶದ ಕ್ಲಬ್ಬೊಂದು ಶಿರಾದ ಕ್ಲಬ್ಬಿಗೆ ಇಪ್ಪತ್ತು ಗಾಲಿಕುರ್ಚಿ ಕಳಿಸಿತು. ಬಿಡಿಬಿಡಿಯಾಗಿ ಡಬ್ಬಗಳಲ್ಲಿ ಬಂದಿದ್ದವನ್ನು ಜೋಡಿಸುವ ಕೆಲಸ ರಶೀದರ ಪಾಲಿಗೆ ಬಂತು. ಮೊದಲನೆಯದನ್ನು ಜೋಡಿಸುವಾಗಲೇ ಅವರ ಕೈ ನಿಂತಿತು. ಮುಂದಿನ ಎರಡು ಚಕ್ರ ಅಂಗೈಯಷ್ಟೇ ಇದ್ದವು, ಗಟ್ಟಿ ರಬ್ಬರಿನವು. ಅವರು ಕ್ಲಬ್ಬಿನ ಅಧ್ಯಕ್ಷ, ಕಡಲೆಕಾಯಿ ಮಿಲ್ಲಿನ ವೀರಭದ್ರಯ್ಯನವರ ಹತ್ತಿರ ಹೋದರು.

“ಸಾರ್, ಇದು ಆಸ್ಪತ್ರೆ ಟೈಲ್ಸ್ ಮೇಲೆ ಓಡೋ ಚಕ್ರ. ನಮ್ಮ ಹಳ್ಳಿ ಮರಳಲ್ಲಿ ಹೂತೋಗುತ್ತೆ. ಒಂದು ವಾರ ಟೈಮ್ ಕೊಡಿ, ಮುಂದಿಂದು ಬದಲಾಯಿಸಿ ಕೊಡ್ತೀನಿ.”

“ಸಾಬ್ರೇ, ಫಂಕ್ಷನ್ ನಾಡಿದ್ದೇ ಐತೆ, ಶಾಮಿಯಾನದವನಿಗೂ ಹೇಳಾಗೈತೆ. ಮೊದ್ಲು ಕೊಟ್ಬುಡಣ, ಆಮೇಲೆ ನೋಡ್ಕಳಣ.”

ಕೊಟ್ಟರು. ಫೋಟೋ ಪೇಪರಿನಲ್ಲಿ ಬಂತು. ಆಮೇಲೆ ಯಾರೂ ನೋಡಲಿಲ್ಲ.

ಮಾರ್ಚಿನಲ್ಲಿ ಒಂದು ಮನೆಗೆ ಗೇಟು ಕೂರಿಸಲು ರಶೀದರು ಗೌಡಗೆರೆ ಕಡೆಗೆ ಹೋಗಿದ್ದರು. ಎದುರು ಮನೆ ಓಬಳಮ್ಮನದು. ನಲವತ್ತರ ಹೆಂಗಸು, ಅವಳಿಗೂ ಪೋಲಿಯೋದಿಂದ ಕಾಲುಗಳಲ್ಲಿ ಬಲವಿಲ್ಲ. ಹೂ ಕಟ್ಟಿ ಬದುಕುವವಳು. ಅವಳಿಗೆ ಕೊಟ್ಟಿದ್ದ ಕುರ್ಚಿ ಪಡಸಾಲೆಯಲ್ಲಿತ್ತು, ಅದರ ಮೇಲೆ ಮಡಿಸಿದ ಕೌದಿಗಳು. ಅವಳು ನೆಲದ ಮೇಲೆ ಕೈಯೂರಿ ತೆವಳುತ್ತ ಬಾಗಿಲಿಗೆ ಬಂದಳು.

“ಕುರ್ಚಿ ಬಳಸಲ್ವೇನಮ್ಮ?” ರಶೀದರು ಕೇಳಿದರು.

“ಎಂಗೆ ಬಳಸಾದು ಸಾಬ್ರಣ್ಣ? ಅಂಗಳ ದಾಟ್ತಿದ್ದಂಗೆ ಮುಂದಿನ ಚಕ್ರ ಮರಳಾಗೆ ಕೂತ್ಕಂತದೆ. ಒಂದ್ಸಲ ಮಕಾಡೆ ಬಿದ್ದೆ, ಹಲ್ಲು ಹೋಯ್ತು ನೋಡಿ.” ತುಟಿ ಎತ್ತಿ ತೋರಿಸಿದಳು. “ಬಸ್‌ಸ್ಟ್ಯಾಂಡ್ ತಂಕ ಹೋಗಂಗಿದ್ರೆ ಹೂವ ನಾನೇ ಮಾರ್ಕಂತಿದ್ದೆ. ಈಗ ಅವನ್ಯಾವನೋ ಬಂದು ಕೇಳಿದ ರೇಟಿಗೆ ಎತ್ಕಂಡೋಗ್ತಾನೆ.”

ರಶೀದರಿಗೆ ಆ ಮುರಿದ ಹಲ್ಲು ತಾವೇ ಮುರಿದಂತೆ ಅನ್ನಿಸಿತು. ಆ ಕುರ್ಚಿಯ ಬೋಲ್ಟುಗಳನ್ನು ಬಿಗಿದವರು ಅವರೇ. ಕೌದಿಗಳನ್ನು ಇಳಿಸಿ ಕುರ್ಚಿಯನ್ನು ಗೇಟು ತಂದಿದ್ದ ಆಟೋಗೆ ಹಾಕಿಕೊಂಡರು.

ಆ ವಾರದ ಮೀಟಿಂಗಿನಲ್ಲಿ ವಿಷಯ ಎತ್ತಿದರು. ವೀರಭದ್ರಯ್ಯ ತಲೆ ಅಲ್ಲಾಡಿಸಿದರು. “ಕುರ್ಚಿ ಬಿಚ್ಚಲ್ಲ ಅಂತ ಫಾರಮ್ಮಿಗೆ ಸೈನ್ ಹಾಕಿದ್ದೀವಿ ಸಾಬ್ರೇ. ದಾನ ಕೊಟ್ಟೋರಿಗೆ ಗೊತ್ತಾದ್ರೆ ಬೇಜಾರಾಗ್ತಾರೆ.”

“ಆ ಹೆಣ್ಮಗಳು ಹಲ್ಲು ಮುರ್ಕೊಂಡಿದ್ದಾಳೆ ಸಾರ್. ಅವಳಿಗೆ ಬೇಜಾರಾಗಲ್ವಾ?”

ಅಷ್ಟರಲ್ಲಿ ಯಾರೋ ಮುಂದಿನ ತಿಂಗಳ ಆರೋಗ್ಯ ಜಾಥಾದ ಬ್ಯಾನರು ಯಾವ ಬಣ್ಣದ್ದಿರಬೇಕೆಂದು ಕೇಳಿದರು. ಅದರ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು.

“ಬಿಟ್ಬಿಡಿ ಆ ಕ್ಲಬ್ಬನ್ನ,” ಎಂದರು ಮನೆಯಲ್ಲಿ ಹೆಂಡತಿ ಚಾಂದ್ ಬಿ. “ಇಷ್ಟು ವರ್ಷದಲ್ಲಿ ಒಂದು ದಿನ ನಿಮ್ಮ ಮಾತು ಕೇಳಿದ್ದಾರಾ? ಕೆಲಸ ಇದ್ದಾಗ ಸಾಬ್ರೇ ಸಾಬ್ರೇ, ಫೋಟೋ ತೆಗೆಯೋವಾಗ ನೀವು ಎಲ್ಲೋ.” ರಶೀದರು ಎದ್ದು ಶಾಪಿಗೆ ಹೋದರು.

ಮಕ್ಕಳ ಸೈಕಲ್ಲಿನ ಒಂದು ಚಕ್ರ, ಅದನ್ನು ಹಿಡಿದಿಡುವ ಫೋರ್ಕು ತಂದು ಒಂದು ಕೊಳವೆಗೆ ಬೆಸೆದು, ಕುರ್ಚಿಯ ಮುಂದೆ ಬೋಲ್ಟು ಹಾಕಿ ಕೂರಿಸಿದರು. ಪುಟ್ಟ ಚಕ್ರಗಳು ನೆಲದಿಂದ ಎರಡು ಬೆರಳು ಮೇಲೆದ್ದವು. ಗೌಡಗೆರೆಗೆ ಒಯ್ದರೆ ಕೊಳವೆ ಉದ್ದವಾಗಿ ಓಬಳಮ್ಮನ ಓಣಿಯಲ್ಲಿ ಕುರ್ಚಿ ತಿರುಗಲೇ ಇಲ್ಲ. ಕೊಯ್ದು ಗಿಡ್ಡ ಮಾಡಿದರು. ಚರಂಡಿ ಚಪ್ಪಡಿ ಹತ್ತುವಾಗ ಬಾಗಿತು. ಮೂರನೇ ಸಲ ದಪ್ಪ ಕೊಳವೆ ಹಾಕಿದ ಮೇಲೆ ಓಬಳಮ್ಮ ಮರಳು ದಾಟಿ, ಚಪ್ಪಡಿ ಹತ್ತಿ, ತಾನೇ ತಳ್ಳಿಕೊಂಡು ರಸ್ತೆ ಸೇರಿದಳು. ತಿರುಗಿ ನೋಡಲೂ ಇಲ್ಲ, ನೇರ ಬಸ್‌ಸ್ಟ್ಯಾಂಡಿಗೆ ಹೋದಳು.

ಆಗಸ್ಟಿನಲ್ಲಿ ಹೊರದೇಶದ ಕ್ಲಬ್ಬಿನ ಇಬ್ಬರು ಕುರ್ಚಿಗಳನ್ನು ನೋಡಲು ಬಂದರು. ವೀರಭದ್ರಯ್ಯ ಬೇರೆಯವರ ಮನೆಯಿಂದ ಹೊಸದರಂತಿದ್ದ ಒಂದು ಕುರ್ಚಿ ತರಿಸಿ, ಓಬಳಮ್ಮನಿಗೆ ಅದರಲ್ಲಿ ಕೂರಲು ಹೇಳಿದರು.

“ನಾನ್ಯಾಕೆ ಅದ್ರಾಗೆ ಕೂತ್ಕಳ್ಳಿ? ನನ್ ಗಾಡಿ ಇಲ್ಲೇ ಐತಲ್ಲ,” ಎಂದಳು ಅವಳು.

“ಒಂದೈದು ನಿಮಿಷ ಕಣಮ್ಮ.”

“ಐದು ನಿಮಿಷ್ಕೆ ಇನ್ನೊಂದು ಹಲ್ಲು ಹೋದ್ರೆ?”

ಕೊನೆಗೆ ತನ್ನ ಗಾಡಿಯಲ್ಲೇ ಬಂದಳು. ವಿದೇಶಿ ಹೆಂಗಸು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮುಟ್ಟಿ ನೋಡಿ, ಇದನ್ನು ಮಾಡಿದವರು ಯಾರೆಂದು ಕೇಳಿದಳು. ಅನುವಾದಕ್ಕೆಂದು ಕರೆತಂದಿದ್ದ ಕಾಲೇಜು ಉಪನ್ಯಾಸಕಿ ಅನುಷಾ ಬಾಯಿ ತೆರೆಯುವ ಮೊದಲೇ ವೀರಭದ್ರಯ್ಯ ತಮ್ಮ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಟ್ಟರು. ಹಿಂದೆ ನಿಂತಿದ್ದ ರಶೀದರಿಗೆ ಅದರಲ್ಲಿ ಅರ್ಥವಾದದ್ದು ‘ಟೆಕ್ನಿಕಲ್ ಕಮಿಟಿ’ ಎಂಬ ಎರಡು ಪದ. ಅಂಥ ಕಮಿಟಿ ಕ್ಲಬ್ಬಿನಲ್ಲಿ ಇರಲಿಲ್ಲ.

ಹೆಸರು ಯಾರದಾದರೂ ಇರಲಿ, ಇನ್ನು ಬರುವ ಕುರ್ಚಿಗಳ ಚಕ್ರ ಬದಲಾದರೆ ಸಾಕೆಂದು ರಶೀದರು ಸುಮ್ಮನಾದರು. ನವೆಂಬರಿನಲ್ಲಿ ಇನ್ನೂ ಮೂವತ್ತು ಕುರ್ಚಿ ಬಂದವು. ಡಬ್ಬ ಬಿಚ್ಚಿದರೆ ಅದೇ ಅಂಗೈಯಗಲದ ಚಕ್ರ.

“ಅವರಿಗೆ ಚಕ್ರದ ವಿಷಯ ಬರೆದ್ರಾ ಸಾರ್?”

“ಬರೀಬೇಕು ಅಂತಿದ್ದೆ. ಕೊಡೋರ ಹತ್ರ ತಪ್ಪು ಹೇಳೋದು ಹೆಂಗೆ ಸಾಬ್ರೇ?”

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ರಶೀದರ ದನಿ ಏರಿತು. “ಬಿದ್ದೋರ ಹತ್ರ ಹೇಳೋದು ಹೆಂಗೆ ಅಂತ ಯೋಚನೆ ಮಾಡಿದ್ರಾ? ಈ ಸಲ ನಾನು ಜೋಡಿಸಲ್ಲ.” ಸ್ಪ್ಯಾನರನ್ನು ಡಬ್ಬದ ಮೇಲಿಟ್ಟು ಹೊರಟುಹೋದರು.

ಅವರಿಲ್ಲದಿದ್ದರೆ ಕೆಲಸ ನಿಲ್ಲುತ್ತದೆಂದು ಅವರು ಎಣಿಸಿದ್ದು ಸುಳ್ಳಾಯಿತು. ಬೇರೆ ಮೆಕ್ಯಾನಿಕ್ ಸಿಕ್ಕಿದ, ಸಮಾರಂಭ ನಡೆಯಿತು, ಮೂವತ್ತೂ ಕುರ್ಚಿ ಹಳ್ಳಿಗಳಿಗೆ ಹೋದವು. ಆ ದಿನವೆಲ್ಲ ರಶೀದರು ಶಾಪಿನ ಬಾಗಿಲು ಎಳೆದುಕೊಂಡು ಒಳಗೆ ಕೂತಿದ್ದರು. ಸಂಜೆ ಎದ್ದು ಅನುಷಾಳ ಮನೆಗೆ ಹೋಗಿ, ಹೊರದೇಶದ ಕ್ಲಬ್ಬಿಗೆ ನೇರವಾಗಿ ಒಂದು ಮೇಲ್ ಬರೆಸಿದರು. ಜೊತೆಗೆ ಓಬಳಮ್ಮನ ಚಕ್ರದ ನಾಲ್ಕು ಫೋಟೋ.

ಈಗ ಗೌಡಗೆರೆ ಬಸ್‌ಸ್ಟ್ಯಾಂಡಿನಲ್ಲಿ ಓಬಳಮ್ಮ ಹೂವು ಮಾರುತ್ತಾಳೆ. ಅವಳ ಗಾಡಿ ನೋಡಿದವರು ವಿಳಾಸ ಕೇಳಿಕೊಂಡು ತಮ್ಮ ಕುರ್ಚಿಗಳನ್ನು ಆಟೋದಲ್ಲಿ ಹೇರಿಕೊಂಡು ತರುತ್ತಾರೆ. ಶುಕ್ರವಾರದ ನಮಾಜು ಮುಗಿಸಿ ಬಂದು ರಶೀದರು ಒಂದೊಂದನ್ನೇ ಬಿಚ್ಚುತ್ತಾರೆ. ಇದುವರೆಗೆ ಏಳು ಮುಗಿದಿವೆ. ಕ್ಲಬ್ಬಿಗೆ ರಾಜೀನಾಮೆ ಕೊಟ್ಟಿಲ್ಲ, ಮೀಟಿಂಗಿಗೂ ಹೋಗುತ್ತಿಲ್ಲ. ಮೇಲಿಗೆ ಉತ್ತರ ಬಂತೇ ಎಂದು ವಾರಕ್ಕೊಮ್ಮೆ ಅನುಷಾಗೆ ಫೋನ್ ಮಾಡಿ ಕೇಳುತ್ತಾರೆ. ಅವಳು ಪ್ರತಿ ಸಲವೂ ಇಲ್ಲವೆನ್ನುತ್ತಾಳೆ.