ತಮ್ಮನ ಹಾವು ನನ್ನ ಕೈಯಿಂದ ತಿಂದದ್ದು

ಅರಬ್ ನಾಡಿನ ರಾಬಿಗ್ ಪಟ್ಟಣದ ನಮ್ಮ ಎರಡು ಕೋಣೆಯ ಮನೆಯಲ್ಲಿ ಮೂರು ವರ್ಷ ಒಂದು ಹಾವು ಇತ್ತು. ನನ್ನ ತಮ್ಮ ಜಿದ್ದಾದ ಪ್ರಾಣಿ ಸಂತೆಯಿಂದ ತಂದದ್ದು. ಆಫ್ರಿಕಾ ಕಡೆಯ ಸಣ್ಣ ಜಾತಿಯ ಹೆಬ್ಬಾವು, ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗೆ ಅಡಗಿಸಿ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಿತ್ತು. "ಇದಕ್ಕೂ ಇಕಾಮಾ ಮಾಡಿಸಿದ್ದೀಯಾ ಮಾರಾಯ, ಇಲ್ಲಿ ಇರಲು ಪರವಾನಗಿ ಬೇಡವಾ?" ಎಂದು ನಮ್ಮವರು, ಅಂದರೆ ನನ್ನ ಗಂಡ, ತಮಾಷೆ ಮಾಡಿದ್ದರು.

ತಮ್ಮ ಮಲಗುತ್ತಿದ್ದದ್ದು ಹಾಲ್‌ನಲ್ಲಿ. ಅವನ ಮಂಚದ ಪಕ್ಕದಲ್ಲೇ ಹಾವಿನ ಗಾಜಿನ ಪೆಟ್ಟಿಗೆ. ಡ್ಯೂಟಿಯಿಂದ ಬಂದವನು ಬೂಟು ಬಿಚ್ಚುವ ಮೊದಲೇ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಹೆಲ್ಮೆಟ್ ಒತ್ತಿ ಕೂದಲು ತಲೆಗೆ ಅಂಟಿರುತ್ತಿತ್ತು. ಊರಿನಲ್ಲಿ ಒಂದು ಬೆಕ್ಕಿನ ಮರಿ ಸಾಕಲೂ ಅವನನ್ನು ಯಾರೂ ಬಿಟ್ಟಿರಲಿಲ್ಲ. ನಾನು ಚಹಾ ಇಟ್ಟು ಕರೆಯುತ್ತಿದ್ದೆ, ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಆ ಸಂಜೆಗಳು ಈಗ ಎಲ್ಲಿ ಸಿಗುತ್ತವೆ?

ಮೂರನೆಯ ವರ್ಷ ಹಾವು ತಿನ್ನುವುದನ್ನು ಬಿಟ್ಟಿತು. ಅದರ ಆಹಾರ ಅಂಗಡಿಯ ಫ್ರೀಜರ್‌ನಲ್ಲಿ ಸಿಗುವ ಸತ್ತ ಇಲಿ. ಎರಡು ತಿಂಗಳು ಒಂದನ್ನೂ ಮುಟ್ಟಲಿಲ್ಲ. ಅಷ್ಟರಲ್ಲಿ ಕಂಪನಿ ತಮ್ಮನನ್ನು ಒಂದೂವರೆ ತಿಂಗಳ ಕೆಲಸಕ್ಕೆ ದೂರದ ಹಾಯಿಲ್ ಪಟ್ಟಣಕ್ಕೆ ಕಳಿಸಿತು. ಹೋಗುವ ಮುಂಚೆ ನನಗೆ ಎಲ್ಲ ತೋರಿಸಿದ. ಇಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ಇಕ್ಕಳದಲ್ಲಿ ಬಾಲ ಹಿಡಿದು ಹಾವಿನ ಮುಂದೆ ಮೆಲ್ಲಗೆ ಆಡಿಸಬೇಕು. ಅದು ರಾತ್ರಿ ತಿನ್ನುವ ಪ್ರಾಣಿ, ಕತ್ತಲೆ ಬೇಕು, ಸದ್ದು ಇರಬಾರದು.

"ಈ ತಿಂಗಳೂ ತಿನ್ನದಿದ್ದರೆ ಅದು ಉಳಿಯಲಿಕ್ಕಿಲ್ಲ ಅಕ್ಕ" ಎಂದ.

ಅವನು ಹೋದ ಮೂರನೆಯ ದಿನ ರಂಜಾನ್ ಶುರುವಾಯಿತು. ರಂಜಾನಿನಲ್ಲಿ ಇಲ್ಲಿ ರಾತ್ರಿಯೇ ಹಗಲು. ಇಫ್ತಾರಿಗೆ ನಮ್ಮವರ ಸ್ನೇಹಿತರು ಬಂದರೆ ನಸುಕಿನ ಊಟ ಸಹರಿಯವರೆಗೂ ಹಾಲ್‌ನಲ್ಲಿ ಲೈಟು, ಟಿವಿ, ನಗು. ಅದರ ನಡುವೆಯೇ ನಾನು ಒಂದು ರಾತ್ರಿ ಇಲಿ ಹಿಡಿದು ನಿಂತೆ. ಹಾವು ತಲೆ ಹುದುಗಿಸಿ ಉಂಡೆಯಾಯಿತು. ಅದಕ್ಕೂ ನಮ್ಮ ಹಾಗೆ ನೋಂಬಿನ ಉಪವಾಸ ಅಂತ ಒಬ್ಬರು ನಕ್ಕರು. ನಾನು ಇಲಿಯನ್ನು ಕಸಕ್ಕೆ ಹಾಕಿ ಕೈ ತೊಳೆದು ಬರುವಾಗ ಫೋನ್ ಬಂತು.

"ಎಂತ ಅಕ್ಕ, ತಿಂದಿತಾ?"

ಆ ದನಿ ಕೇಳಿ ಇಲ್ಲ ಅನ್ನಲು ಬಾಯಿ ಬರಲಿಲ್ಲ. "ತಿಂದಿತು" ಎಂದೆ.

ಅವನು ನನ್ನ ಕೈಗುಣ ದೊಡ್ಡದು ಎಂದು ತನ್ನ ಜೊತೆಯವರಿಗೆಲ್ಲ ಹೇಳುವುದು ಫೋನಿನಲ್ಲೇ ಕೇಳಿಸಿತು. ಹತ್ತು ದಿನ ಬಿಟ್ಟು ಇನ್ನೊಂದು ಕೊಡು ಎಂದ. ಹತ್ತು ದಿನ ಕಳೆದಾಗ ನಾನು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯಲಿಲ್ಲ. ಹೇಗೂ ತಿನ್ನುವುದಿಲ್ಲ, ಮುಟ್ಟಲು ನನಗೆ ಅಸಹ್ಯ. ಆದರೆ ಅವನು ಕೇಳಿದಾಗ ಮತ್ತೆ ತಿಂದಿತು ಎಂದೆ. ನೋಂಬಿನ ತಿಂಗಳಲ್ಲಿ ಎರಡು ಸುಳ್ಳು.

ಕೊನೆಯ ವಾರದ ಒಂದು ಬೆಳಿಗ್ಗೆ ನೆಲ ಒರೆಸುವಾಗ ಪೆಟ್ಟಿಗೆಯ ಕಡೆ ಕಣ್ಣು ಹೋಯಿತು. ಹಾವಿನ ಬೆನ್ನೆಲುಬು ಹೆಂಚಿನ ಮಾಡಿನ ನೆತ್ತಿಯಂತೆ ಚೂಪಾಗಿ ಎದ್ದಿತ್ತು. ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟೆ. ನಮ್ಮವರು ಡ್ಯೂಟಿಗೆ ಹೋಗಿದ್ದರು. ಮಕ್ಕಳು ಒಳಗೆ ಮಲಗಿದ್ದರು. ದಪ್ಪ ಪರದೆ ಎಳೆದ ಹಾಲ್ ಗವ್ವೆನ್ನುತ್ತಿತ್ತು. ಆಗ ಹೊಳೆಯಿತು: ಈ ಮನೆಯಲ್ಲಿ ಈಗ ರಾತ್ರಿ ಅಂದರೆ ಬೆಳಗಿನ ಹತ್ತು ಗಂಟೆ. ನಾವು ತಿಂಗಳಿಡೀ ಆ ಜೀವಕ್ಕೆ ರಾತ್ರಿ ಕತ್ತಲೆಯನ್ನೇ ಕೊಟ್ಟಿರಲಿಲ್ಲ.

ಇಲಿಯನ್ನು ಬೆಚ್ಚಗೆ ಮಾಡಿದೆ. ಹಸಿದ ಹೊಟ್ಟೆಗೆ ಆ ವಾಸನೆ ತಡೆಯಲಾಗಲಿಲ್ಲ, ದುಪಟ್ಟಾದಿಂದ ಮೂಗು ಕಟ್ಟಿಕೊಂಡೆ. ಇಕ್ಕಳ ಹಿಡಿದು ಎಷ್ಟು ಹೊತ್ತು ನಿಂತೆನೋ, ತೋಳು ಮರಗಟ್ಟಿತು. ಹಾವು ತಲೆ ಹೊರಗೆ ಹಾಕಿತು. ನಾಲಿಗೆ ಆಡಿಸಿತು. ನಾನು ಉಸಿರು ಬಿಡುವುದರೊಳಗೆ ಇಲಿ ಅದರ ಸುತ್ತಿನೊಳಗೆ ಇತ್ತು. ಆಮೇಲೆ ಮೆಲ್ಲಮೆಲ್ಲನೆ ನುಂಗಿತು.

ನೆಲದ ಮೇಲೆ ಕೂತು ಅತ್ತೆ. ಮೊದಲು ತಮ್ಮನಿಗೇ ಹೇಳಬೇಕೆಂದು ಫೋನ್ ತೆಗೆದುಕೊಂಡೆ. ಆದರೆ ಹೇಳುವುದೇನು? ಅವನ ಲೆಕ್ಕದಲ್ಲಿ ಇದು ಮೂರನೆಯ ಸಲ. ಫೋನ್ ಕೆಳಗಿಟ್ಟೆ. ಆ ರಾತ್ರಿ ಅವನೇ ಕೇಳಿದಾಗ ಮತ್ತೆ ತಿಂದಿತು ಎಂದಷ್ಟೇ ಹೇಳಿದೆ.

ಹಬ್ಬ ಮುಗಿದ ಮೇಲೆ ಬಂದ ತಮ್ಮ ಹಾವನ್ನು ಕೈಗೆತ್ತಿಕೊಂಡು ಹಾಗೆಯೇ ನಿಂತ. ಅಡಿಗೆ ಮನೆಯ ತಕ್ಕಡಿಯಲ್ಲಿ ಎರಡು ಸಲ ತೂಗಿದ. ಮೂರು ಇಲಿ ತಿಂದ ಹಾವು ಇಷ್ಟು ಬಡವಾಗಿದೆ ಎಂದರೆ ಒಳಗೆ ಏನೋ ರೋಗವಿದೆ ಎಂದು ತೀರ್ಮಾನಿಸಿದ. ತನ್ನ ಕೈಯಲ್ಲಿ ಸಾಯುವುದು ಬೇಡ ಅಂತ ಹಾವು ಸಾಕಿ ಗೊತ್ತಿದ್ದ ಜಿದ್ದಾದ ಒಬ್ಬ ಸುಡಾನಿನವನಿಗೆ ಕೊಡಲು ಹೊರಟ. ಪೆಟ್ಟಿಗೆಗೆ ಹಳೆಯ ಲುಂಗಿ ಸುತ್ತುವಾಗ ನಾನು ಅಡಿಗೆ ಮನೆಯ ಬಾಗಿಲಲ್ಲಿ ಇದ್ದೆ. ಅದಕ್ಕೆ ಹಸಿವು ಬಿಟ್ಟರೆ ಬೇರೆ ರೋಗ ಇಲ್ಲ ಎಂಬ ಒಂದು ಮಾತು ಸಾಕಿತ್ತು. ನನ್ನ ಕೈಗುಣದ ಹೆಸರು ಹೋಗುತ್ತದೆಂದು ಸುಮ್ಮನಿದ್ದೆ. ಕಾರು ತಿರುವು ದಾಟುವವರೆಗೆ ನೋಡಿದೆ. ಆಮೇಲೆ ಅವನು ಏನನ್ನೂ ಸಾಕಲಿಲ್ಲ.

ತಮ್ಮ ಈಗ ಊರಿನಲ್ಲಿದ್ದಾನೆ. ಕಳೆದ ರಂಜಾನಿನಲ್ಲಿ ಫೋನ್ ಮಾಡಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾನೆ ಎಂದು ಕಾದೆ.

"ರೋಗ ಇರಲಿಲ್ವಾ ಹಾಗಾದರೆ?" ಎಂದ.

"ಇರಲಿಲ್ಲ."

ಅವನು ಎದ್ದು ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ಆ ಒಂದು ಸಲ ತಿಂದದ್ದಾದರೂ ನಿಜವಾ ಅಕ್ಕ?"

ನಿಜ ಎಂದೆ. ಹೇಗೆ ತಿಂದಿತು ಹೇಳು ಎಂದ. ಪರದೆ ಎಳೆದಿದ್ದ ಆ ಹಾಲ್‌ನಿಂದ ಶುರು ಮಾಡಿ, ಏನನ್ನೂ ಬಿಡದೆ, ಹೇಳುತ್ತಾ ಹೋದೆ.